ಜೂನಿಯರ್‌ಗೆ 33, ಸೀನಿಯರ್‌ಗೆ 20: ‘ಕಿರಿಕ್ ಪಾರ್ಟಿ’ ಗ್ಯಾಂಗು, ಅದರ ರೆಫರೆನ್ಸು, ಅದರ ಬಿಲ್ಲು

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನ ಆದಷ್ಟು ಹಾಗೇ ಉಳಿಸಿದ್ದೇವೆ.)

ಚನ್ನರಾಯಪಟ್ಟಣದ ಬಸ್ಸಲ್ಲಿ ಕಿಟಕಿ ಪಕ್ಕ ಕೂತಿರೋರಿಗೆ, ಅರಕಲಗೂಡಿನಲ್ಲಿ ಸಿಗ್ನಲ್ ಹುಡುಕ್ಕೊಂಡು ಮನೆ ಮೇಲಿನ ತಾರಸಿ ಹತ್ತಿರೋರಿಗೆ, ಹಾಸ್ಟೆಲ್‌ನಲ್ಲಿ ಒಂದೇ ಇಯರ್‌ಫೋನನ್ನ ಇಬ್ಬರು ಹಂಚ್ಕೊಂಡು ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಮೊದಲು ಒಂದು ಕ್ಷಮೆ. ಎರಡು ವಾರದ ಹಿಂದೆ ಹಾಕಿದ್ದ ಸಂಚಿಕೆ ಈಗ ಕಾಣಿಸ್ತಿಲ್ಲ ಅಂತ ತುಂಬಾ ಜನ ಮೆಸೇಜ್ ಮಾಡಿದ್ರಿ. ಅದು ಯಾಕೆ ಹೋಯ್ತು ಅಂತ ಇವತ್ತು ಹೇಳ್ತೀನಿ. ಆದರೆ ಅದಕ್ಕೂ ಮುಂಚೆ ಹೊಳೆನರಸೀಪುರದ ಒಬ್ಬ ಪಿಯುಸಿ ಹುಡುಗ ಕಳಿಸಿದ ವಾಯ್ಸ್ ನೋಟ್ ಬಗ್ಗೆ ಮಾತಾಡಬೇಕು. ಅವನ ಪ್ರಶ್ನೆ ಇಷ್ಟು: “ಅಣ್ಣಾ, ನಾವು ಫ್ರೆಂಡ್ಸೆಲ್ಲ ಸೇರಿ ಇಂಗ್ಲಿಷ್ ಟೀನ್ ಸಿಟ್‌ಕಾಮ್ ನೋಡ್ತೀವಿ. ಸಬ್‌ಟೈಟಲ್ ಇದ್ರೂ ಅರ್ಧ ಜೋಕ್ ಅರ್ಥ ಆಗಲ್ಲ. ಅವರು ಯಾವುದೋ ಹಳೇ ಸಿನಿಮಾ ಹೆಸರು ಹೇಳ್ತಾರೆ, ಹಿಂದೆ ಜನ ನಗ್ತಾರೆ, ನಾವು ಸುಮ್ನೆ ಕೂತಿರ್ತೀವಿ. ನಮ್ಮಲ್ಲಿ ಅಂಥದ್ದು ಯಾವುದಿದೆ? ಮತ್ತೆ ನಾವು ಕಾಲೇಜ್ ಡೇಗೆ ‘ಕಿರಿಕ್ ಪಾರ್ಟಿ’ ಸ್ಪೂಫ್ ಮಾಡ್ತಿದ್ದೀವಿ, ಹಾಡು ಹಾಕಿದ್ರೆ ತೊಂದ್ರೆ ಆಗುತ್ತಾ?”

ಒಂದೇ ಉಸಿರಲ್ಲಿ ಎರಡು ಪ್ರಶ್ನೆ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ, ಅದೂ ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿ.

ರೆಫರೆನ್ಸ್ ಅಂದ್ರೆ ಉದ್ರಿ

ನಾನು ಬಿಕಾಂ ಓದಿದವನು, ಹಾಗಾಗಿ ಲೆಕ್ಕದ ಭಾಷೇಲೇ ಹೇಳ್ತೀನಿ. ಸಾಮಾನ್ಯ ಜೋಕ್ ಅಂದ್ರೆ ನಗದು ವ್ಯಾಪಾರ. ಅಲ್ಲೇ ಕೊಟ್ರು, ಅಲ್ಲೇ ನಕ್ಕಿರಿ, ಮುಗೀತು. ರೆಫರೆನ್ಸ್ ಹಾಗಲ್ಲ, ಅದು ಉದ್ರಿ. ಬೇರೆ ಯಾರೋ ವರ್ಷಗಳ ಹಿಂದೆ ನಿಮ್ಮ ಮನಸ್ಸಲ್ಲಿ ಕೂಡಿಟ್ಟ ನೆನಪಿನ ಮೇಲೆ ಇವರು ನಗು ತಗೋತಾರೆ. ನಿಮ್ಮ ಹತ್ರ ಆ ನೆನಪಿನ ಖಾತೆ ಇದ್ರೆ ಜೋಕ್ ಕೆಲಸ ಮಾಡುತ್ತೆ. ಇಲ್ಲದಿದ್ರೆ ಹೊಳೆನರಸೀಪುರದ ಹುಡುಗನ ಥರ ಸುಮ್ನೆ ಕೂರಬೇಕು. ಅದು ಅವನ ಇಂಗ್ಲಿಷಿನ ಸಮಸ್ಯೆ ಅಲ್ಲ. ಅಮೆರಿಕದ ಹುಡುಗನೊಬ್ಬನಿಗೆ “ಏನ್ ವಿಠಲ್ ರಾವ್ ಥರ ಆಡ್ತೀಯ” ಅಂದ್ರೆ ಅವನೂ ಹಾಗೇ ಕೂರ್ತಾನೆ. ನಮ್ಮಲ್ಲಿ ‘ಸಿಲ್ಲಿ ಲಲ್ಲಿ’ ನೋಡಿದ ಮನೆಯೋರು ಮಾತ್ರ ನಗ್ತಾರೆ.

ಈಗ ಅವನ ಮೊದಲ ಪ್ರಶ್ನೆ. ಕನ್ನಡ ಟೀವಿಯಲ್ಲಿ ಸಿಟ್‌ಕಾಮ್ ಅಂದ ತಕ್ಷಣ ನೆನಪಾಗೋದು ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’, ವಿಜಯಪ್ರಸಾದ್ ಅವರ ‘ಸಿಲ್ಲಿ ಲಲ್ಲಿ’. ಎರಡೂ ಮನೆ, ಸಂಸಾರ, ನೆರೆಹೊರೆಯ ಕಾಮಿಡಿ. ಅಲ್ಲಿ ಗಂಡ ಇದ್ದಾನೆ, ಹೆಂಡತಿ ಇದ್ದಾಳೆ, ಅತ್ತೆ ಇದ್ದಾರೆ, ಡಾಕ್ಟ್ರು ಇದ್ದಾರೆ. ಹಾಸ್ಟೆಲ್ ಇಲ್ಲ, ಕ್ಯಾಂಟೀನ್ ಇಲ್ಲ, ಸಪ್ಲಿಮೆಂಟರಿ ಇಲ್ಲ. ಹದಿಹರೆಯದ ಗ್ಯಾಂಗಿನ ಕಾಮಿಡಿ ನಮಗೆ ಸಿಕ್ಕಿದ್ದು ಸಿನಿಮಾದಲ್ಲಿ, ಮುಖ್ಯವಾಗಿ ಒಂದು ಸಿನಿಮಾದಲ್ಲಿ. 2016ರ ಡಿಸೆಂಬರ್ 30ಕ್ಕೆ ಬಂದ ‘ಕಿರಿಕ್ ಪಾರ್ಟಿ’.

ಅದು ಸಿನಿಮಾನೇ, ಸೀರಿಯಲ್ ಅಲ್ಲ. ಆದರೆ ಅದರ ಕಟ್ಟಡ ನೋಡಿ. ಒಂದು ಗ್ಯಾಂಗು, ಒಂದು ಹಾಸ್ಟೆಲ್ಲು, ಒಬ್ಬರಿಗೊಬ್ಬರು ಕಾಲೆಳೆಯೋ ಒಂದೇ ವರಸೆ, ವರ್ಷದಿಂದ ವರ್ಷಕ್ಕೆ ಸಾಗೋ ಸಣ್ಣ ಸಣ್ಣ ಪ್ರಸಂಗ. ಎಪಿಸೋಡ್ ಎಪಿಸೋಡಾಗಿ ಕತ್ತರಿಸಿದ್ರೆ ಒಂದು ಸೀಸನ್ ಆಗುತ್ತೆ. ಮೊಬೈಲಲ್ಲಿ ನಾವು ಅದನ್ನ ಈಗ ನೋಡೋದೂ ಹಾಗೇ ಅಲ್ವಾ, ಎರಡೆರಡು ನಿಮಿಷದ ತುಂಡಾಗಿ?

ಯಾರು ಯಾರ ಸೀನಿಯರ್?

ಈಗ ಕಾಸ್ಟಿಂಗ್ ಕಥೆಗೆ ಬರೋಣ. ಹೆಡ್ಡಿಂಗಲ್ಲಿ ಹೇಳಿದ ಲೆಕ್ಕ ಇದು.

ಕಥೆಯಲ್ಲಿ ಕರ್ಣ ಎಂಜಿನಿಯರಿಂಗ್ ಮೊದಲ ವರ್ಷದ ಹುಡುಗ. ಸಾನ್ವಿ ಜೋಸೆಫ್ ಫೈನಲ್ ಇಯರ್. ಅಂದ್ರೆ ಅವಳು ಸೀನಿಯರ್, ಅವನು ಜೂನಿಯರ್. ನಿಜ ಜೀವನದಲ್ಲಿ? ರಕ್ಷಿತ್ ಶೆಟ್ಟಿ ಹುಟ್ಟಿದ್ದು 1983ರ ಜೂನ್‌ನಲ್ಲಿ, ರಶ್ಮಿಕಾ ಮಂದಣ್ಣ 1996ರ ಏಪ್ರಿಲ್‌ನಲ್ಲಿ. ಸಿನಿಮಾ ಬಿಡುಗಡೆಯಾದ ದಿನ ‘ಜೂನಿಯರ್’ಗೆ 33 ವರ್ಷ, ‘ಸೀನಿಯರ್’ಗೆ 20. ಮುಂದೆ ಕರ್ಣ ಸೀನಿಯರ್ ಆದಾಗ ಜೂನಿಯರಾಗಿ ಬರೋ ಆರ್ಯಾ, ಅಂದ್ರೆ ಸಂಯುಕ್ತಾ ಹೆಗ್ಡೆ, 1998ರ ಜುಲೈನಲ್ಲಿ ಹುಟ್ಟಿದವರು. ಅವರಿಗೆ 18. ಮೂವರಲ್ಲಿ ನಿಜವಾಗಿ ‘ಟೀನ್’ ಇದ್ದವರು ಅವರೊಬ್ಬರೇ.

ಇದನ್ನ ಕೇಳಿ ನಗಬೇಡಿ, ಜಗತ್ತಿನ ತುಂಬಾ ಇದೇ ಪದ್ಧತಿ. 1978ರಲ್ಲಿ ಬಂದ ‘ಗ್ರೀಸ್’ ಅನ್ನೋ ಅಮೆರಿಕನ್ ಹೈಸ್ಕೂಲ್ ಸಿನಿಮಾದಲ್ಲಿ ರಿಝೋ ಪಾತ್ರ ಮಾಡಿದ ಸ್ಟಾಕರ್ಡ್ ಚಾನಿಂಗ್ ಅವರಿಗೆ ಶೂಟಿಂಗ್ ವೇಳೆ 33 ವರ್ಷ. ನಮ್ಮ ಕರ್ಣನ ವಯಸ್ಸೇ! ನಾಯಕಿ ಒಲಿವಿಯಾ ನ್ಯೂಟನ್-ಜಾನ್‌ಗೆ 28.

ಯಾಕೆ ಹೀಗೆ? ಕಾರಣ ಮೂರು. ಒಂದು, ಕಾಲೇಜ್ ಕಥೆ ನಾಲ್ಕು ವರ್ಷ ಸಾಗುತ್ತೆ. ಮೊದಲ ವರ್ಷದ ಪುಂಡನೂ ಕೊನೇ ವರ್ಷದ ಗಾಯಗೊಂಡ ಹುಡುಗನೂ ಒಂದೇ ಮುಖದಲ್ಲಿ ಕಾಣಬೇಕು. ಅದಕ್ಕೆ ಪಳಗಿದ ನಟ ಬೇಕು. ಎರಡು, ದುಡ್ಡು. ನಾಯಕನ ಹೆಸರಿಗೆ ಜನ ಥಿಯೇಟರಿಗೆ ಬರಬೇಕು. ‘ಸಿಂಪಲ್ಲಾಗ್ ಒಂದ್ ಲವ್ ಸ್ಟೋರಿ’ (2013), ‘ಉಳಿದವರು ಕಂಡಂತೆ’ (2014) ಆದಮೇಲೆ ರಕ್ಷಿತ್‌ಗೆ ಆ ಹೆಸರಿತ್ತು. ಮೂರು, ಕಾನೂನು. ಇದು ಕಾಲೇಜ್ ಕಥೆಗೆ ಬರಲ್ಲ, ಸ್ಕೂಲ್ ಕಥೆಗೆ ಬರುತ್ತೆ. ಬಾಲಕಾರ್ಮಿಕ ನಿಯಮಗಳಿಗೆ 2017ರಲ್ಲಿ ಆದ ತಿದ್ದುಪಡಿ ಪ್ರಕಾರ ಬಾಲ ಕಲಾವಿದರನ್ನ ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸೋ ಹಾಗಿಲ್ಲ, ಬಿಡುವು ಕೊಡದೆ 3 ಗಂಟೆಗಿಂತ ಹೆಚ್ಚು ನಿಲ್ಲಿಸೋ ಹಾಗಿಲ್ಲ. ಸಂಭಾವನೆಯಲ್ಲಿ ಕನಿಷ್ಠ ಶೇ. 20ರಷ್ಟನ್ನ ಮಗುವಿನ ಹೆಸರಲ್ಲೇ ಠೇವಣಿ ಇಡಬೇಕು. ಒಳ್ಳೇ ನಿಯಮ. ಆದರೆ ನಿರ್ಮಾಪಕರು ಲೆಕ್ಕ ಹಾಕಿದಾಗ, ಮೀಸೆ ಬೋಳಿಸಿದ ದೊಡ್ಡವರೇ ಅಗ್ಗ ಅನ್ನಿಸಿಬಿಡುತ್ತೆ.

ಹೊಸಬರ ಸಾಲು

ನಾಯಕ ಒಬ್ಬ ಹಳಬ. ಸುತ್ತಲಿನವರು? ಇಲ್ಲಿದೆ ಈ ಸಿನಿಮಾದ ನಿಜವಾದ ಜಾಣತನ.

ರಶ್ಮಿಕಾ ವಿರಾಜಪೇಟೆಯ ಹುಡುಗಿ. 2014ರಲ್ಲಿ ಒಂದು ರಾಷ್ಟ್ರೀಯ ‘ಫ್ರೆಶ್ ಫೇಸ್’ ಸ್ಪರ್ಧೆ ಗೆದ್ದಿದ್ರು. ಆ ಫೋಟೋ ಚಿತ್ರತಂಡದ ಕಣ್ಣಿಗೆ ಬಿದ್ದು ಸಾನ್ವಿ ಪಾತ್ರ ಸಿಕ್ತು. ಅದೇ ಅವರ ಮೊದಲ ಸಿನಿಮಾ. ಸಂಯುಕ್ತಾಗೂ ಇದೇ ಮೊದಲು, ಮತ್ತು ಈ ಪಾತ್ರಕ್ಕೆ ಅವರಿಗೆ ಫಿಲ್ಮ್‌ಫೇರ್ ಪೋಷಕ ನಟಿ ಪ್ರಶಸ್ತಿ ಬಂತು. ಗ್ಯಾಂಗಿನಲ್ಲಿದ್ದ ಅರವಿಂದ್ ಅಯ್ಯರ್ ಮುಂದೆ ‘ಭೀಮಸೇನ ನಳಮಹಾರಾಜ’ದ (2020) ನಾಯಕ. ಚಂದನ್ ಆಚಾರ್ ‘ಮಂಗಳವಾರ ರಜಾದಿನ’ದ (2021) ನಾಯಕ. ಇನ್ನು ಧನಂಜಯ್ ರಂಜನ್ ಅವರನ್ನ ನೀವು ಗ್ಯಾಂಗಿನ ಹುಡುಗನಾಗಿ ನೋಡಿರ್ತೀರ. ‘ಬೆಳಗೆದ್ದು’ ಹಾಡು ಬರೆದವರೂ ಅವರೇ. ಕ್ಯಾಂಟೀನ್ ಬೆಂಚಲ್ಲಿ ಕೂತಿದ್ದ ಹುಡುಗನೇ ಇಡೀ ಕರ್ನಾಟಕ ಗುನುಗಿದ ಹಾಡು ಬರೆದಿದ್ದ ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ತೆರೆಯ ಹಿಂದೆಯೂ ಹೀಗೇ. ನಿರ್ದೇಶಕ ರಿಷಬ್ ಶೆಟ್ಟಿಗೆ ಇದು ಎರಡನೇ ಸಿನಿಮಾ, ಅದೇ ವರ್ಷ ಜನವರಿಯಲ್ಲಿ ‘ರಿಕ್ಕಿ’ ಬಂದಿತ್ತು. ಸ್ಕ್ರಿಪ್ಟ್ ಮಾಡಿದ್ದು ‘ದಿ ಸೆವೆನ್ ಆಡ್ಸ್’ ಅಂತ ಹೆಸರಿಟ್ಟುಕೊಂಡಿದ್ದ ಬರಹಗಾರರ ಗುಂಪು. ಅಮೆರಿಕದ ಸಿಟ್‌ಕಾಮ್‌ಗಳಲ್ಲಿ ‘ರೈಟರ್ಸ್ ರೂಮ್’ ಅಂತ ಕೇಳಿರ್ತೀರಲ್ಲ, ಒಂದು ಕೋಣೆಯಲ್ಲಿ ಹತ್ತು ಜನ ಕೂತು ಜೋಕ್ ಕಟ್ಟೋದು. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಇದು. ಸಂಕಲನ ಮಾಡಿದ ಸಚಿನ್ ಮುಂದೆ ‘ಅವನೇ ಶ್ರೀಮನ್ನಾರಾಯಣ’ (2019) ನಿರ್ದೇಶಿಸಿದ್ರು. ಸಂಗೀತ ಕೊಟ್ಟ ಅಜನೀಶ್ ಲೋಕನಾಥ್ ಮತ್ತು ರಿಷಬ್ ಸೇರಿ 2022ರಲ್ಲಿ ‘ಕಾಂತಾರ’ ಮಾಡಿದ್ರು. ಆ ಸಿನಿಮಾದ ನಟನೆಗೆ ರಿಷಬ್‌ಗೆ ರಾಷ್ಟ್ರಪ್ರಶಸ್ತಿ ಬಂತು.

ಇನ್ನೊಂದು ಪುಟ್ಟ ವಿಷಯ. 2018ರಲ್ಲಿ ತೆಲುಗಿನಲ್ಲಿ ‘ಕಿರಾಕ್ ಪಾರ್ಟಿ’ ಅಂತ ರೀಮೇಕ್ ಆಯ್ತು, ನಿಖಿಲ್ ನಾಯಕ. ಇಡೀ ಗ್ಯಾಂಗ್ ಬದಲಾಯ್ತು. ಆದರೆ ಸಂಯುಕ್ತಾ ಅಲ್ಲೂ ಅದೇ ಪಾತ್ರ ಮಾಡಿದ್ರು.

ಊರಿಗೂ ಕಾಸ್ಟಿಂಗ್ ಇರುತ್ತೆ

ನಟರಿಗೆ ಮಾತ್ರ ಅಲ್ಲ, ಊರಿಗೂ ಪಾತ್ರ ಸಿಗುತ್ತೆ. ರಕ್ಷಿತ್ ಓದಿದ್ದು ಕಾರ್ಕಳ ಹತ್ತಿರದ ನಿಟ್ಟೆ ಎಂಜಿನಿಯರಿಂಗ್ ಕಾಲೇಜಲ್ಲಿ. ಕಥೆಗೆ ಮೂಲ ಅವರ ಕಾಲೇಜ್ ದಿನಗಳೇ. ಆದರೆ ತೆರೆ ಮೇಲೆ ಆ ಕಾಲೇಜಿನ ಪಾತ್ರ ಮಾಡಿದ್ದು ನಮ್ಮ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು. 1960ರಲ್ಲಿ ಶುರುವಾದ ಕಾಲೇಜು ಅದು. ಅಂದ್ರೆ ಕರಾವಳಿಯ ನೆನಪು ಘಟ್ಟ ಹತ್ತಿ ಬಂದು ಸಾಲಗಾಮೆ ರಸ್ತೆಯಲ್ಲಿ ವೇಷ ಹಾಕ್ತು.

ಇದು ಹೊಸದಲ್ಲ. 1986ರಲ್ಲಿ ಶಂಕರ್‌ನಾಗ್ ದೂರದರ್ಶನಕ್ಕೆ ‘ಮಾಲ್ಗುಡಿ ಡೇಸ್’ ಮಾಡಿದಾಗ, ಆರ್. ಕೆ. ನಾರಾಯಣ್ ಅವರ ಕಲ್ಪನೆಯ ಊರಿನ ಪಾತ್ರ ಆಗುಂಬೆಗೆ ಸಿಕ್ತು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಸ್ಕೂಲ್ ಹುಡುಗರ ಗ್ಯಾಂಗಿನ ಕಥೆಗೆ ನಮ್ಮವರು ಮಾಡಿದ ಅತ್ಯುತ್ತಮ ಕಾಸ್ಟಿಂಗ್ ಇವತ್ತಿಗೂ ಅದೇ ಅಂತ ನನ್ನ ಲೆಕ್ಕ, ಮತ್ತು ಅಲ್ಲಿ ಸ್ವಾಮಿಗೆ ನಿಜವಾಗಿಯೂ ಸ್ವಾಮಿಯ ವಯಸ್ಸೇ ಇತ್ತು. ಆ ಧಾರಾವಾಹಿಯಲ್ಲಿ ಕಾಣೋ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣವನ್ನ 2020ರಲ್ಲಿ ‘ಮಾಲ್ಗುಡಿ ಮ್ಯೂಸಿಯಂ’ ಮಾಡಿದ್ರು.

ನಾನು ‘ಕಿರಿಕ್ ಪಾರ್ಟಿ’ ನೋಡಿದಾಗ ಡಿಗ್ರಿ ಎರಡನೇ ವರ್ಷ. ಹಾಸನದ ಥಿಯೇಟರಲ್ಲಿ ಕಾಲೇಜಿನ ಕಟ್ಟಡ ತೆರೆ ಮೇಲೆ ಬಂದಾಗ ನಾಯಕನ ಎಂಟ್ರಿಗಿಂತ ಜೋರು ಶಿಳ್ಳೆ ಬಿತ್ತು. ಕತೆಗೆ ಸಂಬಂಧವೇ ಇಲ್ಲದ ಶಿಳ್ಳೆ ಅದು. “ನಾನು ದಿನಾ ಸೈಕಲಲ್ಲಿ ಹೋಗೋ ದಾರಿ ಕಣೋ” ಅನ್ನೋ ಶಿಳ್ಳೆ. ಬೆಂಗಳೂರಲ್ಲಿ ಅದೇ ಸೀನಿಗೆ ಯಾರೂ ಶಿಳ್ಳೆ ಹೊಡೆದಿರಲ್ಲ. ಈಗ ಗೊತ್ತಾಯ್ತಲ್ಲ, ಅದು ನಮಗೆ ಮಾತ್ರ ಅರ್ಥ ಆಗೋ ರೆಫರೆನ್ಸ್. ಮೊದಲ ಸಲ ಉದ್ರಿ ಖಾತೆ ನಮ್ಮ ಊರಿನ ಹೆಸರಲ್ಲಿತ್ತು.

ಹಳದಿ ಕಾಂಟೆಸ್ಸಾ ಮತ್ತು ಹಳೇ ಟ್ಯೂನು

ಈಗ ರೆಫರೆನ್ಸ್‌ಗಳು. ಎರಡೇ ತಗೋತೀನಿ.

ಮೊದಲನೇದು ಗ್ಯಾಂಗಿನ ಹಳದಿ ಕಾಂಟೆಸ್ಸಾ ಕಾರು. ಹುಡುಗರು ಸೇರಿ ಹಳೇ ಕಾರೊಂದನ್ನ ತಗೋತಾರೆ, ಅಷ್ಟೇ ನಮಗೆ ಕಾಣೋದು. ಆದರೆ ಹಿಂದೂಸ್ತಾನ್ ಮೋಟಾರ್ಸ್ ಕಾಂಟೆಸ್ಸಾ ತಯಾರಿಸೋಕೆ ಶುರು ಮಾಡಿದ್ದು 1984ರಲ್ಲಿ, ನಿಲ್ಲಿಸಿದ್ದು 2002ರಲ್ಲಿ. ನಮ್ಮಪ್ಪಂದಿರ ಕಾಲಕ್ಕೆ ಅದು ದುಡ್ಡಿದ್ದವರ ಗತ್ತಿನ ಕಾರು. ಆ ಗತ್ತು ಕೈ ಬದಲಾಗಿ, ಬೆಲೆ ಇಳಿದು, ಕೊನೆಗೆ ಜೇಬಲ್ಲಿ ಕಾಸಿಲ್ಲದ ಹಾಸ್ಟೆಲ್ ಹುಡುಗರ ಕೈಗೆ ಬಂತು ಅನ್ನೋದರಲ್ಲಿ ತಮಾಷೆ ಇದೆ. ಆ ಕಾಲ ಗೊತ್ತಿಲ್ಲದವರಿಗೆ ಅದು ಬರೀ ಹಳದಿ ಕಾರು. ಈ ರೆಫರೆನ್ಸಿಗೆ ಯಾರೂ ಬಿಲ್ ಕಳಿಸಲಿಲ್ಲ.

ಎರಡನೇದಕ್ಕೆ ಬಿಲ್ ಬಂತು. ಸಿನಿಮಾದ ‘ಹೂ ಆರ್ ಯೂ’ ಹಾಡಿನಲ್ಲಿ ‘ಶಾಂತಿ ಕ್ರಾಂತಿ’ಯ (1991) ‘ಮಧ್ಯ ರಾತ್ರಿಲಿ’ ಹಾಡಿನ ಟ್ಯೂನನ್ನ ಅನುಮತಿ ಇಲ್ಲದೆ ಬಳಸಿದ್ದಾರೆ ಅಂತ, ಆ ಹಾಡಿನ ಹಕ್ಕು ತನ್ನದು ಎನ್ನುವ ಲಹರಿ ಸಂಸ್ಥೆ ಕೋರ್ಟಿಗೆ ಹೋಯ್ತು. ‘ಶಾಂತಿ ಕ್ರಾಂತಿ’ ರವಿಚಂದ್ರನ್ ಅವರ ಮಹಾ ಸಾಹಸ. ನಾಲ್ಕು ಭಾಷೆಯಲ್ಲಿ ತೆಗೆದ ಸಿನಿಮಾ, ತಮಿಳು ಮತ್ತು ಹಿಂದಿಗೆ ರಜನಿಕಾಂತ್, ತೆಲುಗಿಗೆ ನಾಗಾರ್ಜುನ. ದೊಡ್ಡ ನಷ್ಟವಾಯ್ತು. ಸಿನಿಮಾ ಸೋತರೂ ಹಂಸಲೇಖ ಅವರ ಹಾಡು ಜನರ ಬಾಯಲ್ಲಿ ಉಳೀತು. ಅಷ್ಟು ಉಳಿದದ್ದರಿಂದಲೇ ಇಪ್ಪತ್ತೈದು ವರ್ಷ ಆದಮೇಲೂ ಅದರ ಟ್ಯೂನಿನ ಮೇಲೆ ಜಗಳ ನಡೀತು.

ಹತ್ತು ಸೆಕೆಂಡ್ ಅನ್ನೋ ಸುಳ್ಳು

ಇಲ್ಲಿಂದ ನನ್ನ ಕಥೆ. ಎರಡು ವಾರದ ಹಿಂದಿನ ಸಂಚಿಕೆಯಲ್ಲಿ ನಾನು ಮಾಡಿದ್ದೂ ಇದೇ. ಹಳೇ ಹಾಡು ಹೀಗಿತ್ತು, ಹೊಸ ಹಾಡು ಹೀಗಿದೆ ಅಂತ ತೋರಿಸೋಕೆ ಒಂದೊಂದರಿಂದ ಸ್ವಲ್ಪ ಸ್ವಲ್ಪ ಹಾಕಿದ್ದೆ. “ಹತ್ತು ಸೆಕೆಂಡ್ ಒಳಗಿದ್ರೆ ಏನೂ ಆಗಲ್ಲ ಬಿಡಣ್ಣ” ಅಂತ ಎಡಿಟಿಂಗ್ ಮಾಡೋ ಅರಕಲಗೂಡಿನ ಗೆಳೆಯ ಹೇಳಿದ್ದ, ನಾನೂ ನಂಬಿದ್ದೆ. ಹಾಕಿದ ನಾಲ್ಕನೇ ದಿನಕ್ಕೆ ಸಂಚಿಕೆ ಮಾಯ. ಚನ್ನರಾಯಪಟ್ಟಣದ ಒಂದು ಮೊಬೈಲ್ ಅಂಗಡಿಯವರು ಆ ಸಂಚಿಕೆಗೆ ಜಾಹೀರಾತು ಕೊಟ್ಟಿದ್ರು, 3,000 ರೂಪಾಯಿ. ವಾಪಸ್ ಕೊಟ್ಟೆ. ನಿಮಗೆ ಚಿಕ್ಕ ಮೊತ್ತ ಅನ್ನಿಸಬಹುದು, ನಮ್ಮ ಪಾಡ್‌ಕಾಸ್ಟಿನ ತಿಂಗಳ ಇಂಟರ್‌ನೆಟ್ ಬಿಲ್ಲು, ಎಡಿಟಿಂಗ್ ಖರ್ಚು ಎಲ್ಲಾ ಅದರೊಳಗೇ ಇತ್ತು.

ಆಮೇಲೆ ಕೂತು ಕಾನೂನು ಓದಿದೆ. ಗೊತ್ತಾದ್ದನ್ನ ಸರಳವಾಗಿ ಹೇಳ್ತೀನಿ.

ಮೊದಲನೇದು, 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ‘ಹತ್ತು ಸೆಕೆಂಡ್’ ಅನ್ನೋ ವಿನಾಯಿತಿ ಎಲ್ಲೂ ಇಲ್ಲ. ಐದು ಸೆಕೆಂಡ್ ಅಂತಲೂ ಇಲ್ಲ.

ಎರಡನೇದು, ಒಂದು ಹಾಡಿನಲ್ಲಿ ಒಂದೇ ಹಕ್ಕು ಇರಲ್ಲ. ನಮ್ಮ ಕಡೆ ಆಲೂಗಡ್ಡೆಗೆ ಜಮೀನು ಗುತ್ತಿಗೆ ಕೊಡ್ತಾರಲ್ಲ, ಜಮೀನು ಒಬ್ಬರದು, ಮೇಲಿನ ಬೆಳೆ ಇನ್ನೊಬ್ಬರದು. ಹಾಡೂ ಹಾಗೇ. ಟ್ಯೂನು ಮತ್ತು ಸಾಹಿತ್ಯ ಜಮೀನು. ರೆಕಾರ್ಡ್ ಆದ ಧ್ವನಿ ಬೆಳೆ. ಹಾಡನ್ನ ಪ್ಲೇ ಮಾಡಿದ್ರೆ ಎರಡನ್ನೂ ಮುಟ್ಟಿದ ಹಾಗೆ. ಹೊಸದಾಗಿ ಹಾಡಿ ರೆಕಾರ್ಡ್ ಮಾಡಿದ್ರೆ ಬೆಳೆ ಮುಟ್ಟಲಿಲ್ಲ, ಆದರೆ ಜಮೀನಿಗೆ ಕಾಲಿಟ್ಟ ಹಾಗೇನೇ. ಹಾಗಾಗಿ “ನಾನೇ ಹಾಡಿದ್ದು” ಅಂದ್ರೆ ಸಮಸ್ಯೆ ಪೂರ್ತಿ ತಪ್ಪಲ್ಲ.

ಮೂರನೇದು, ಅವಧಿ. ರೆಕಾರ್ಡಿಂಗಿಗೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1991ರ ಹಾಡಾದ್ರೆ 2051ರ ಕೊನೆಯವರೆಗೆ. ಟ್ಯೂನಿಗೆ ಸಂಗೀತ ನಿರ್ದೇಶಕರ ಜೀವಿತಾವಧಿ, ಅದಾದಮೇಲೆ 60 ವರ್ಷ. ಇಬ್ಬರು ಸೇರಿ ಮಾಡಿದ್ದಾದ್ರೆ ಕೊನೆಗೆ ತೀರಿಕೊಂಡವರಿಂದ ಲೆಕ್ಕ. ಒಂದು ಉದಾಹರಣೆ: ‘ಗಾಳಿಮಾತು’ (1981) ಸಿನಿಮಾಕ್ಕೆ ಸಂಗೀತ ಕೊಟ್ಟ ರಾಜನ್-ನಾಗೇಂದ್ರ ಸೋದರರಲ್ಲಿ ರಾಜನ್ ತೀರಿಕೊಂಡಿದ್ದು 2020ರಲ್ಲಿ. ಅಂದ್ರೆ ಆ ಟ್ಯೂನು 2080ರವರೆಗೆ ರಕ್ಷಣೆಯಲ್ಲಿ. ಈಗ ಪಿಯುಸಿ ಓದ್ತಿರೋರು ಆಗ ಮೊಮ್ಮಕ್ಕಳ ಜೊತೆ ಇರ್ತೀರಿ.

‘ಗಾಳಿಮಾತು’ ಹೆಸರು ಸುಮ್ನೆ ತಗೊಂಡಿದ್ದಲ್ಲ. 2024ರ ಜನವರಿಯಲ್ಲಿ ರಕ್ಷಿತ್ ಅವರ ಪರಂವಃ ಸ್ಟುಡಿಯೋಸ್ ‘ಬ್ಯಾಚುಲರ್ ಪಾರ್ಟಿ’ ತಂತು, ನಿರ್ದೇಶಕ ಅಭಿಜಿತ್ ಮಹೇಶ್. ಅದರಲ್ಲಿ ‘ಗಾಳಿಮಾತು’ ಮತ್ತು ‘ನ್ಯಾಯ ಎಲ್ಲಿದೆ’ ಸಿನಿಮಾಗಳ ಹಾಡನ್ನ ಅನುಮತಿ ಇಲ್ಲದೆ ಬಳಸಿದ್ದಾರೆ ಅಂತ ಎಂಆರ್‌ಟಿ ಮ್ಯೂಸಿಕ್ ದೂರು ಕೊಡ್ತು. ಅದೇ ವರ್ಷ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟು 20 ಲಕ್ಷ ರೂಪಾಯಿ ಠೇವಣಿ ಇಡಿ ಅಂತ ಆದೇಶ ಕೊಡ್ತು. ‘ಕಾಂತಾರ’ದ ‘ವರಾಹ ರೂಪಂ’ ಹಾಡಿಗೂ ಇದೇ ಆಯ್ತು. ಕೇರಳದ ತೈಕ್ಕುಡಂ ಬ್ರಿಡ್ಜ್ ಬ್ಯಾಂಡಿನವರು ತಮ್ಮ ‘ನವರಸಂ’ ಹಾಡಿಗೆ ಹೋಲುತ್ತೆ ಅಂತ ಕೋರ್ಟಿಗೆ ಹೋದ್ರು. 2022ರ ನವೆಂಬರ್‌ನಲ್ಲಿ ಸಿನಿಮಾ ಒಟಿಟಿಗೆ ಬಂದಾಗ ಅಲ್ಲಿ ಬೇರೆ ಟ್ಯೂನ್ ಇತ್ತು. ಮೂಲ ಹಾಡು ಆಮೇಲೆ ವಾಪಸ್ ಬಂತು.

ಹಾಡು ಮಾತ್ರ ಅಲ್ಲ, ಮುಖಕ್ಕೂ ಇದೇ ಜಗಳ. ಇನ್ನೊಂದು ಹಾಸ್ಟೆಲ್ ಕಾಮಿಡಿ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ 2023ರ ಜುಲೈ 21ಕ್ಕೆ ಬಂತು, ನಿತಿನ್ ಕೃಷ್ಣಮೂರ್ತಿ ನಿರ್ದೇಶನ. ಬಹುತೇಕ ಹೊಸ ಹುಡುಗರು, ನಡುವೆ ಗೊತ್ತಿರೋ ಮುಖಗಳ ಅತಿಥಿ ಪಾತ್ರ. ಅದರಲ್ಲಿ ತಮ್ಮ ದೃಶ್ಯ ಬಳಸಬಾರದು ಅಂತ ನಟಿ ರಮ್ಯಾ ಬಿಡುಗಡೆಗೆ ಮುಂಚೆ ಕೋರ್ಟಿಗೆ ಹೋಗಿದ್ರು. ಸಿನಿಮಾ ಹೇಳಿದ ದಿನಕ್ಕೇ ಬಂತು. ಆದರೆ ಪಾಠ ಉಳೀತು: ಅತಿಥಿ ಪಾತ್ರ ಸ್ನೇಹದಿಂದ ಶುರುವಾದ್ರೂ ಮಾತುಕತೆ ಕಾಗದದ ಮೇಲಿರಬೇಕು.

ಹಾಗಾದ್ರೆ ಕಾಲೇಜ್ ಡೇಗೆ ಏನ್ ಮಾಡೋದು?

ಹೊಳೆನರಸೀಪುರದ ತಮ್ಮಾ, ಈಗ ನಿನ್ನ ಉತ್ತರ.

ಸಮಾಧಾನದ ಸುದ್ದಿ ಮೊದಲು. ಅದೇ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ವಿನಾಯಿತಿಗಳ ಪಟ್ಟಿ ಇದೆ. ಅದರಲ್ಲಿ ಒಂದು ಶಿಕ್ಷಣ ಸಂಸ್ಥೆಗೆ. ಸಂಸ್ಥೆಯ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳು, ಸಿಬ್ಬಂದಿ ನಾಟಕ ಆಡಬಹುದು, ಹಾಡಬಹುದು. ನೋಡೋರು ವಿದ್ಯಾರ್ಥಿಗಳು, ಸಿಬ್ಬಂದಿ, ಅವರ ತಂದೆತಾಯಿ, ಸಂಸ್ಥೆಗೆ ಸಂಬಂಧಪಟ್ಟವರು ಆಗಿದ್ರೆ ರೆಕಾರ್ಡ್ ಆದ ಹಾಡನ್ನೂ ಹಾಕಬಹುದು. ಹಾಗಾಗಿ ಸ್ಟೇಜ್ ಮೇಲೆ ಧೈರ್ಯವಾಗಿ ಮಾಡು. ಪ್ರಿನ್ಸಿಪಾಲರಿಗೂ ಇದನ್ನೇ ಹೇಳು.

ಆದರೆ ಆ ವಿನಾಯಿತಿ ಹಾಲ್‌ನ ಬಾಗಿಲವರೆಗೆ ಮಾತ್ರ. ಅದನ್ನೇ ಮೊಬೈಲಲ್ಲಿ ರೆಕಾರ್ಡ್ ಮಾಡಿ ಇಡೀ ಜಗತ್ತಿಗೆ ಹಾಕಿದ ಕ್ಷಣ ಲೆಕ್ಕ ಬದಲಾಗುತ್ತೆ, ಯಾಕಂದ್ರೆ ಈಗ ನೋಡೋರು ನಿಮ್ಮ ಕಾಲೇಜಿನೋರು ಮಾತ್ರ ಅಲ್ಲ. ರೀಲ್ಸ್ ಆದ್ರೆ ಆ ಆ್ಯಪ್ ತಾನೇ ಕೊಡೋ ಹಾಡಿನ ಪಟ್ಟಿಯಿಂದಲೇ ಆರಿಸ್ಕೊಳ್ಳಿ, ಅದಕ್ಕೆ ಅವರು ಲೈಸೆನ್ಸ್ ತಗೊಂಡಿರ್ತಾರೆ. ಆದರೆ ಅಂಗಡಿ, ಬ್ರ್ಯಾಂಡ್ ಪ್ರಚಾರಕ್ಕೆ ಮಾಡ್ತಿದ್ರೆ ಆ ಪಟ್ಟಿ ಅನ್ವಯ ಆಗದೇ ಇರಬಹುದು, ನಿಯಮ ಓದಿ.

ಇನ್ನು ನನ್ನಂಥ ಮಾತುಗಾರರಿಗೆ. ವಿಮರ್ಶೆಗೋಸ್ಕರ ಒಂದು ಕೃತಿಯ ಸ್ವಲ್ಪ ಭಾಗವನ್ನ ನ್ಯಾಯವಾಗಿ ಬಳಸೋಕೆ ಅದೇ 52ನೇ ಸೆಕ್ಷನ್ ಅವಕಾಶ ಕೊಡುತ್ತೆ. ನನ್ನ ಸಂಚಿಕೆ ವಿಮರ್ಶೆನೇ. ಹಾಗಿದ್ರೂ ಯಾಕೆ ಹೋಯ್ತು? ಯಾಕಂದ್ರೆ ಅದನ್ನ ತೆಗೆದಿದ್ದು ಜಡ್ಜ್ ಅಲ್ಲ, ಯಂತ್ರ. ಹಕ್ಕುದಾರರು ಕೊಟ್ಟ ಹಾಡಿನ ಬೆರಳಚ್ಚು ಅದರ ಹತ್ರ ಇರುತ್ತೆ. ಹೊಂದಾಣಿಕೆ ಆದ್ರೆ ಸಾಕು, ಬಾಗಿಲು ಹಾಕುತ್ತೆ. ನಾನು ಹೊಗಳ್ತಿದ್ದೀನಾ, ವಿಮರ್ಶೆ ಮಾಡ್ತಿದ್ದೀನಾ, ಕದ್ದಿದ್ದೀನಾ ಅಂತ ಅದಕ್ಕೆ ತಿಳಿಯಲ್ಲ. ಆಕ್ಷೇಪಣೆ ಸಲ್ಲಿಸಬಹುದು, ನಾನೂ ಸಲ್ಲಿಸಿದೆ. ಉತ್ತರ ಇನ್ನೂ ಬಂದಿಲ್ಲ.

ಕಾಯೋ ಬದಲು ಇವತ್ತು ಈ ಸಂಚಿಕೆಯನ್ನ ಒಂದೂ ಕ್ಲಿಪ್ ಇಲ್ಲದೆ ಮಾಡಿದ್ದೀನಿ. ಗಮನಿಸಿದ್ರಾ? ಇಷ್ಟು ಹೊತ್ತು ಎರಡು ಹಾಡಿನ ಬಗ್ಗೆ ಮಾತಾಡಿದ್ರೂ ಒಂದು ಸ್ವರ ಕೇಳಿಸಿಲ್ಲ. ಆದರೆ ನಿಮ್ಮ ತಲೆಯೊಳಗೆ ಹಾಡು ಓಡ್ತಾ ಇತ್ತು ಅಲ್ವಾ? ಅದೇ ರೆಫರೆನ್ಸಿನ ಶಕ್ತಿ. ಹೆಸರು ಹೇಳೋಕೆ ಯಾರ ಅನುಮತಿಯೂ ಬೇಕಾಗಿಲ್ಲ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಸಂಚಿಕೆ ಹೋದ ದಿನ ನನಗೆ ಕಂಪನಿಗಳ ಮೇಲೆ ಸಿಟ್ಟು ಬಂದಿತ್ತು. ಆಮೇಲೆ ‘ಬೆಳಗೆದ್ದು’ ಬರೆದ ಹುಡುಗ ನೆನಪಾದ. ಅವನ ಸಾಲನ್ನ ಯಾರಾದ್ರೂ ಕೇಳದೆ ತಗೊಂಡು ಜಾಹೀರಾತು ಮಾಡಿ ದುಡ್ಡು ಮಾಡ್ಕೊಂಡ್ರೆ ನಾನು ಯಾರ ಪಕ್ಷ? ಬರೆದವನ ಪಕ್ಷನೇ. ನನ್ನ ಮೂರು ಸಾವಿರವೂ, ಅವರ ಇಪ್ಪತ್ತು ಲಕ್ಷವೂ ಒಂದೇ ಪ್ರಶ್ನೆಯ ಸಣ್ಣ ಮತ್ತು ದೊಡ್ಡ ರೂಪ: ಇನ್ನೊಬ್ಬರ ನೆನಪಿನ ಮೇಲೆ ನಗು ತಗೊಂಡಾಗ ಲೆಕ್ಕ ಚುಕ್ತಾ ಮಾಡಬೇಕಾ, ಎಷ್ಟು? ಕೋರ್ಟುಗಳು ಇನ್ನೂ ಹುಡುಕ್ತಿವೆ.

ಅಲ್ಲೀವರೆಗೆ ನಮಗೊಂದು ದಾರಿ ಇದೆ. ಅರಸೀಕೆರೆ ತಾಲ್ಲೂಕಿನ ಕಾಳೇನಹಳ್ಳಿಯ ಧನಂಜಯ 2018ರಲ್ಲಿ ‘ಟಗರು’ ಸಿನಿಮಾದಲ್ಲಿ ಡಾಲಿ ಪಾತ್ರ ಮಾಡಿದ್ರು. ಈಗ ಅವರ ಹೆಸರೇ ಡಾಲಿ ಧನಂಜಯ. ನಮ್ಮ ಜಿಲ್ಲೆಯವರೊಬ್ಬರು ರೆಫರೆನ್ಸ್ ಬಳಸೋದು ಬಿಟ್ಟು ತಾವೇ ರೆಫರೆನ್ಸ್ ಆದ್ರು. ಹಾಗಾಗಿ ತಮ್ಮಾ, ನಿನ್ನ ಸ್ಪೂಫ್‌ನಲ್ಲಿ ಕರ್ಣ ಇರಲಿ, ಸಾನ್ವಿ ಇರಲಿ. ಜೊತೆಗೆ ನಿಮ್ಮ ಊರಿನ ಬಸ್ ಸ್ಟ್ಯಾಂಡು, ಹೇಮಾವತಿ ದಂಡೆ, ನಿಮ್ಮ ಲ್ಯಾಬ್ ಅಟೆಂಡರ್ ಬೈಗುಳ, ಇವೂ ನಾಲ್ಕು ಇರಲಿ. ಆ ಭಾಗ ಧೈರ್ಯವಾಗಿ ಅಪ್‌ಲೋಡ್ ಮಾಡು. ಅದರ ಹಕ್ಕು ಪೂರ್ತಿ ನಿಮ್ಮದೇ. ಆದರೆ ಅಟೆಂಡರನ್ನ ಮಾತ್ರ ಒಂದು ಮಾತು ಕೇಳಿ ಹಾಕು.

ಮುಂದಿನ ವಾರ ಸಿಗೋಣ. ಚನ್ನರಾಯಪಟ್ಟಣದ ಮೊಬೈಲ್ ಅಂಗಡಿಯವರು ಈ ಸಂಚಿಕೆಗೂ ಜಾಹೀರಾತು ಕೊಟ್ಟಿದ್ದಾರೆ. ದೊಡ್ಡ ಮನಸ್ಸು ಅವರದು. ಈ ಸಲ ವಾಪಸ್ ಕೊಡೋ ಪರಿಸ್ಥಿತಿ ಬರಲ್ಲ ಅಂದ್ಕೊಂಡಿದ್ದೀನಿ.